ಟೆಕ್ಸಸ್ ಜಮೀನಿಗೆ ವನ್ಯಜೀವಿ ತೆರಿಗೆ ರಿಯಾಯಿತಿ: ಖರೀದಿಯಿಂದ ಮೇಲ್ಮನವಿಯವರೆಗೆ

ಆಸ್ಟಿನ್, ಡಾಲಸ್, ಹ್ಯೂಸ್ಟನ್ ಸುತ್ತಮುತ್ತ ಹತ್ತಿಪ್ಪತ್ತು ಎಕರೆ ಕೊಂಡವರು ಆಸ್ತಿ ತೆರಿಗೆಯ ವಿಷಯದಲ್ಲಿ ಒಂದೇ ಜಾಗದಲ್ಲಿ ಎಡವುತ್ತಾರೆ. ‘ಈ ಜಮೀನಿಗೆ ಆ್ಯಗ್ ಎಕ್ಸೆಂಪ್ಶನ್ (ಕೃಷಿ ಜಮೀನಿನ ತೆರಿಗೆ ರಿಯಾಯಿತಿ) ಇದೆ’ ಎಂದು ಮಾರುವವರು ಹೇಳಿರುತ್ತಾರೆ. ಕೊಂಡವರು ಅಲ್ಲಿ ಮೇಯುತ್ತಿದ್ದ ದನಗಳನ್ನು ಕಳಿಸಿ, ಬೇಲಿ ಭದ್ರ ಮಾಡಿ, ಇನ್ನು ಹಕ್ಕಿ ಜಿಂಕೆಗಳು ನೆಮ್ಮದಿಯಾಗಿರಲಿ ಎಂದು ಬೀಗ ಹಾಕಿ ಬರುತ್ತಾರೆ. ಮುಂದಿನ ವರ್ಷ ಬಿಲ್ಲು ಸಾವಿರಾರು ಡಾಲರಿಗೆ ಏರಿರುತ್ತದೆ.

ಟೆಕ್ಸಸ್ ಕಾನೂನು ಪಾಳು ಬಿಟ್ಟ ಜಮೀನಿಗೆ ರಿಯಾಯಿತಿ ಕೊಡುವುದಿಲ್ಲ, ವನ್ಯಜೀವಿಗಳಿಗಾಗಿ ಕೆಲಸ ಮಾಡಿದ ಜಮೀನಿಗೆ ಕೊಡುತ್ತದೆ. ಆ ಕೆಲಸ ಶುರುವಾಗುವ ಹೊತ್ತಿಗೆ ಜಮೀನು ಕೃಷಿ ಮೌಲ್ಯಮಾಪನದಲ್ಲಿ ಇರಲೇಬೇಕು. ಎಲ್ಲವೂ ಈ ಅನುಕ್ರಮದ ಮೇಲೆ ನಿಂತಿದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ.

## ರಿಯಾಯಿತಿ ಎಂದರೆ ಇಲ್ಲಿ ಏನು

ಜನ ಎಕ್ಸೆಂಪ್ಶನ್ ಎಂದು ಕರೆದರೂ ಇದು ತೆರಿಗೆ ಮನ್ನಾ ಅಲ್ಲ. ಜಮೀನನ್ನು ಮಾರುಕಟ್ಟೆ ಬೆಲೆಗೆ ಬದಲು ಅದರ ಕೃಷಿ ಉತ್ಪಾದನೆಯ ಲೆಕ್ಕದಲ್ಲಿ ಅಳೆಯುವ ವಿಶೇಷ ಮೌಲ್ಯಮಾಪನ. ಟೆಕ್ಸಸ್ ಸಂವಿಧಾನದ 8ನೇ ವಿಧಿಯ 1-ಡಿ-1 ಸೆಕ್ಷನ್ ಇದರ ಬುಡ. 1995ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯ ನಂತರ ವನ್ಯಜೀವಿ ನಿರ್ವಹಣೆಯೂ ಕೃಷಿ ಬಳಕೆಗೆ ಸಮ ಎಂದಾಯಿತು.

ಒಂದು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ. 20 ಎಕರೆಗೆ ಮಾರುಕಟ್ಟೆ ಬೆಲೆ 4,00,000 ಡಾಲರ್. ಕೌಂಟಿ, ಶಾಲಾ ಡಿಸ್ಟ್ರಿಕ್ಟ್ ಎಲ್ಲ ಸೇರಿ ದರ ಶೇ 1.8 ಎಂದಿಟ್ಟುಕೊಂಡರೆ ತೆರಿಗೆ 7,200 ಡಾಲರ್. ಅದೇ ಜಮೀನು ಹುಲ್ಲುಗಾವಲೆಂದು ಎಕರೆಗೆ 150 ಡಾಲರಿನಂತೆ ಅಳೆದರೆ ಮೌಲ್ಯ 3,000, ತೆರಿಗೆ 54 ಡಾಲರ್. ವರ್ಷಕ್ಕೆ 7,146 ಡಾಲರ್ ವ್ಯತ್ಯಾಸ.

ದನ ಮೇಯಿಸುವ ಜಮೀನನ್ನು ವನ್ಯಜೀವಿಗೆ ಬದಲಿಸಿದರೆ ತೆರಿಗೆ ಇನ್ನೂ ಇಳಿಯುತ್ತದೆ ಎಂದು ನಿರೀಕ್ಷಿಸಬೇಡಿ. ಹಿಂದೆ ಯಾವ ಕೃಷಿ ವರ್ಗದಲ್ಲಿತ್ತೋ ಅದೇ ವರ್ಗದ ಮೌಲ್ಯ ಮುಂದುವರಿಯುತ್ತದೆ. ನಿಮಗೆ ಸಿಗುವುದು ದನ ಸಾಕದೆಯೇ ಆ ಮೌಲ್ಯವನ್ನು ಉಳಿಸಿಕೊಳ್ಳುವ ದಾರಿ. ಹಾಗೆಯೇ ಕನ್ಸರ್ವೇಶನ್ ಈಸ್‌ಮೆಂಟ್ ಬೇರೆಯೇ ವ್ಯವಸ್ಥೆ. ಜಮೀನಿನ ಮೇಲೆ ಶಾಶ್ವತ ಕಟ್ಟುಪಾಡು ಬರೆದುಕೊಟ್ಟ ಮಾತ್ರಕ್ಕೆ 1-ಡಿ-1 ಮೌಲ್ಯ ತಾನಾಗಿ ಬರುವುದಿಲ್ಲ.

## ಕೈಯಲ್ಲಿ ಇರಬೇಕಾದವು

ಕಾಗದಗಳು: ಕ್ರಯಪತ್ರದ ಪ್ರತಿ, ಸರ್ವೆ ನಕ್ಷೆ, ಹಿಂದಿನ 7 ವರ್ಷಗಳ ಮೌಲ್ಯಮಾಪನ ದಾಖಲೆ, ಮೇಯಿಸುವ ಗುತ್ತಿಗೆಯ ಕರಾರು, ಅರ್ಜಿ ನಮೂನೆ 50-129, ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಯೋಜನಾ ನಮೂನೆ ಪಿಡಬ್ಲ್ಯುಡಿ 885-ಡಬ್ಲ್ಯು7000, ವಾರ್ಷಿಕ ವರದಿಯ ನಮೂನೆ ಪಿಡಬ್ಲ್ಯುಡಿ 888-ಡಬ್ಲ್ಯು7000. ಮೂರೂ ನಮೂನೆ ಉಚಿತ.

ಜತೆಗೆ ನಿಮ್ಮ ಪ್ರದೇಶದ ನಿರ್ವಹಣಾ ಕೈಪಿಡಿಯನ್ನು ಅದೇ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ. ಆಸ್ಟಿನ್‌ನ ಪಶ್ಚಿಮದ ಎಡ್ವರ್ಡ್ಸ್ ಪ್ಲೇಟೋಗೆ ಒಂದು ಕೈಪಿಡಿ, ಡಾಲಸ್ ಕಡೆಯ ಬ್ಲ್ಯಾಕ್‌ಲ್ಯಾಂಡ್ ಪ್ರೇರಿಗೆ ಇನ್ನೊಂದು, ಹ್ಯೂಸ್ಟನ್ ಕಡೆಯ ಗಲ್ಫ್ ಪ್ರೇರಿಗೆ ಮತ್ತೊಂದು. ಯಾವ ಕೆಲಸವನ್ನು ಎಷ್ಟು ಮಾಡಿದರೆ ಸಾಕು ಎಂಬ ಕನಿಷ್ಠ ಪ್ರಮಾಣ ಇದರಲ್ಲಿದೆ. ಅಧಿಕಾರಿ ನಿಮ್ಮ ಕೆಲಸವನ್ನು ಅಳೆಯುವುದು ಇದೇ ಅಳತೆಗೋಲಿನಿಂದ.

ಸಾಮಾನುಗಳು: ಬೈನಾಕ್ಯುಲರ್, ಚಲನೆ ಕಂಡರೆ ಚಿತ್ರ ತೆಗೆಯುವ ಗೇಮ್ ಕ್ಯಾಮೆರಾ, ದಿನಾಂಕ ಮತ್ತು ಸ್ಥಳ ದಾಖಲಿಸುವಂತೆ ಹೊಂದಿಸಿದ ಫೋನು, ಅಳತೆ ಟೇಪು, ಒಂದು ಗಟ್ಟಿ ನೋಟ್‌ಬುಕ್ಕು.

## ಹಂತ 1: ಕ್ರಯಕ್ಕೆ ಸಹಿ ಹಾಕುವ ಮುಂಚೆ ಇತಿಹಾಸ ನೋಡಿ

ಟೆಕ್ಸಸ್‌ನ 254 ಕೌಂಟಿಗಳ ಮೌಲ್ಯಮಾಪನವನ್ನು ಆಯಾ ಕಡೆಯ ಅಪ್ರೈಸಲ್ ಡಿಸ್ಟ್ರಿಕ್ಟ್ ನೋಡಿಕೊಳ್ಳುತ್ತದೆ. ಎಲ್ಲರೂ ಇದನ್ನು ಸಿಎಡಿ ಎನ್ನುತ್ತಾರೆ. ಅದರ ಜಾಲತಾಣದಲ್ಲಿ ಆಸ್ತಿಯ ಸಂಖ್ಯೆ ಹಾಕಿ ಪ್ರತಿ ವರ್ಷದ ಮೌಲ್ಯ ನೋಡಿ. ಮಾರುಕಟ್ಟೆ ಮೌಲ್ಯದ ಪಕ್ಕದಲ್ಲಿ ಅದಕ್ಕಿಂತ ಬಹಳ ಕಡಿಮೆಯ ಕೃಷಿ ಮೌಲ್ಯ ಇದ್ದರೆ ಆ ವರ್ಷ 1-ಡಿ-1 ಇತ್ತು ಎಂದರ್ಥ. ನಿಯಮದ ಪ್ರಕಾರ ಹಿಂದಿನ 7 ವರ್ಷಗಳಲ್ಲಿ 5 ವರ್ಷ ಜಮೀನು ಮುಖ್ಯವಾಗಿ ಕೃಷಿಗೆ ಬಳಕೆಯಾಗಿರಬೇಕು. ವನ್ಯಜೀವಿಗೆ ಬದಲಿಸಲು ಇಷ್ಟು ಸಾಲದು, ಬದಲಿಸುವ ಹಿಂದಿನ ವರ್ಷ ಅದು ಕೃಷಿ ಅಥವಾ ಟಿಂಬರ್ (ಮರಮುಟ್ಟು) ಮೌಲ್ಯಮಾಪನದಲ್ಲಿ ಇದ್ದಿರಬೇಕು.

ಎರಡನೆಯದಾಗಿ ವಿಸ್ತೀರ್ಣ. ನೀವು ಕೊಳ್ಳುವುದು ದೊಡ್ಡ ರ್‍ಯಾಂಚಿನಿಂದ ಕತ್ತರಿಸಿದ ತುಂಡಾದರೆ ಎಚ್ಚರ. ಹಿಂದಿನ ವರ್ಷದ ಜನವರಿ 1ಕ್ಕೆ ಹೋಲಿಸಿದರೆ ಜಮೀನು ಚಿಕ್ಕದಾಗಿದ್ದರೆ ಮಾತ್ರ ವನ್ಯಜೀವಿ ಬಳಕೆಗೆ ಕನಿಷ್ಠ ವಿಸ್ತೀರ್ಣದ ನಿಯಮ ಅನ್ವಯವಾಗುತ್ತದೆ. ಲೆಕ್ಕ ಸರಳ: ಎಕರೆಯಿಂದ 1 ಕಳೆದು, ಬಂದದ್ದನ್ನು ಒಟ್ಟು ಎಕರೆಯಿಂದ ಭಾಗಿಸಿ. 20 ಎಕರೆಗೆ 19 ಭಾಗ 20, ಅಂದರೆ ಶೇ 95. 12.5 ಎಕರೆಗೆ ಶೇ 92. ನಿಮ್ಮ ಸಿಎಡಿ ಶೇ 95 ಎಂದು ನಿಗದಿ ಮಾಡಿದ್ದರೆ 12.5 ಎಕರೆಯ ಹೊಸ ತುಂಡಿಗೆ ಆ ವರ್ಷ ವನ್ಯಜೀವಿ ದಾರಿ ಮುಚ್ಚಿದೆ. ಆಗ ಸೀಳಿದ ನಂತರದ ಜನವರಿ 1 ದಾಟುವಂತೆ ಒಂದು ಪೂರ್ತಿ ವರ್ಷ ಮೇಯಿಸುವುದನ್ನೇ ಮುಂದುವರಿಸಿ ಆಮೇಲೆ ಬದಲಿಸುವುದು ಸುರಕ್ಷಿತ. ಆದರೆ ಮೇಯಿಸುವುದಕ್ಕೂ ಸಿಎಡಿಗಳು ತಮ್ಮದೇ ಕನಿಷ್ಠ ವಿಸ್ತೀರ್ಣ ಇಟ್ಟಿರುವುದುಂಟು. ಎರಡನ್ನೂ ಇಮೇಲಿನಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ. ಫೋನಿನಲ್ಲಿ ಹೇಳಿದ ಮಾತಿಗೆ ಮುಂದೆ ಸಾಕ್ಷಿಯಿಲ್ಲ.

ನಗರದ ಗಡಿಯೊಳಗೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಲ್ಲಿ ಷರತ್ತು ಇನ್ನೂ ಬಿಗಿ.

ಇತಿಹಾಸವೇ ಇಲ್ಲದ ಜಮೀನಾದರೆ ಮೊದಲು ಐದು ವರ್ಷ ಕೃಷಿ ಮಾಡಲೇಬೇಕು, ಆ ಐದು ವರ್ಷವೂ ಪೂರ್ತಿ ತೆರಿಗೆ ಕಟ್ಟಬೇಕು. 5ರಿಂದ 20 ಎಕರೆಯ ಜಮೀನಿಗೆ ಜೇನು ಸಾಕಣೆಯೂ ಕೃಷಿ ಎಂದೇ ಕಾನೂನಿನಲ್ಲಿದೆ. ಚಿಕ್ಕ ಜಮೀನಿಗೆ ದನಕ್ಕಿಂತ ಇದು ಸುಲಭ. ಪೆಟ್ಟಿಗೆಗಳ ಸಂಖ್ಯೆಯನ್ನು ಸಿಎಡಿ ನಿಗದಿ ಮಾಡಿರುತ್ತದೆ.

## ಹಂತ 2: ಯಾರ ಹೆಸರಿನಲ್ಲಿ ಕೊಳ್ಳುತ್ತೀರಿ

ಈ ಹಂತ ಭಾರತದಿಂದ ಬಂದವರಿಗೆ ವಿಶೇಷವಾಗಿ ಮುಖ್ಯ. ರಿಯಲ್ ಎಸ್ಟೇಟ್ ಏಜೆಂಟರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು 10 ಎಕರೆಗಿಂತ ಹೆಚ್ಚಿನ ಕೃಷಿ ಜಮೀನು ಕೊಂಡರೆ, ಅಫಿಡಾ ಎಂದು ಕರೆಯುವ ಫೆಡರಲ್ ಕಾನೂನಿನಡಿ 90 ದಿನಗಳ ಒಳಗೆ ನಮೂನೆ ಎಫ್‌ಎಸ್‌ಎ-153 ಸಲ್ಲಿಸಬೇಕು. ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿಯ ಕೌಂಟಿ ಕಚೇರಿ ಅದನ್ನು ತೆಗೆದುಕೊಳ್ಳುತ್ತದೆ. ಎಚ್-1ಬಿ ವೀಸಾದಲ್ಲಿರುವವರೂ ಇದಕ್ಕೆ ಒಳಪಡುತ್ತಾರೆ. ತಪ್ಪಿದರೆ ದಂಡ ಜಮೀನಿನ ಬೆಲೆಯ ಶೇ 25ರವರೆಗೂ ಹೋಗಬಹುದು.

ಇದರ ಬೆನ್ನಿಗೇ ಟೆಕ್ಸಸ್ ತೆರಿಗೆ ಸಂಹಿತೆಯ 23.56ನೇ ಸೆಕ್ಷನ್ ಬರುತ್ತದೆ. ಹೀಗೆ ಫೆಡರಲ್ ನೋಂದಣಿ ಮಾಡಲೇಬೇಕಾದ ಅನಿವಾಸಿ ವಿದೇಶಿಯ ಜಮೀನಿಗೆ 1-ಡಿ-1 ಸಿಗುವುದಿಲ್ಲ. ಅಂಥವರ ಬಹುಪಾಲು ಇರುವ ಕಂಪನಿ, ಟ್ರಸ್ಟುಗಳಿಗೂ ಅದೇ ಮಾತು. ಊರಿನಲ್ಲಿರುವ ಅಪ್ಪ ಅಮ್ಮನ ಹೆಸರನ್ನು ಪ್ರೀತಿಯಿಂದ ಕ್ರಯಪತ್ರಕ್ಕೆ ಸೇರಿಸುವುದು, ಬೆಂಗಳೂರಿನ ಅಣ್ಣನ ಜತೆ ಸೇರಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿ ಕೊಳ್ಳುವುದು, ವೀಸಾದಲ್ಲಿರುವ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಳ್ಳುವುದು, ಇವೆಲ್ಲ ಕ್ರಯಕ್ಕೆ ಮುಂಚೆ ಟೆಕ್ಸಸ್‌ನ ಆಸ್ತಿ ವಕೀಲರ ಮುಂದಿಡಬೇಕಾದ ವಿಷಯಗಳು. ಕ್ರಯವಾದ ಮೇಲೆ ಹೆಸರು ಬದಲಿಸಲು ಹೊಸ ಪತ್ರ, ಹೊಸ ಅರ್ಜಿ ಎರಡೂ ಬೇಕಾಗುತ್ತವೆ.

## ಹಂತ 3: ಕೊಂಡ ವರ್ಷದ ಕೊನೆವರೆಗೂ ಕೃಷಿ ನಿಲ್ಲದಿರಲಿ

ಮಾರುವವರ ದನ ಮೇಯುತ್ತಿದ್ದರೆ ಅವುಗಳನ್ನು ಹೊರಡಿಸಬೇಡಿ. ಡಿಸೆಂಬರ್ 31ರವರೆಗೆ ಮೇಯಿಸುವ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಎಷ್ಟು ತಲೆ ದನ, ಯಾವ ತಿಂಗಳಿನಿಂದ ಯಾವ ತಿಂಗಳು, ಬೇಲಿ ನೀರಿನ ಹೊಣೆ ಯಾರದು ಎಂಬುದೆಲ್ಲ ಅದರಲ್ಲಿರಲಿ. ಬಾಡಿಗೆ ಅಲ್ಪವಾದರೂ ಚೆಕ್ಕಿನಲ್ಲಿ ಪಡೆಯಿರಿ, ಅದೇ ದಾಖಲೆ.

ನೀವು ಕೊಂಡ ವರ್ಷದ ಮೌಲ್ಯ ಆ ವರ್ಷದ ಜನವರಿ 1ರಂದೇ ನಿಂತಿರುತ್ತದೆ, ಆದ್ದರಿಂದ ಆ ವರ್ಷದ ಬಿಲ್ಲು ಕಡಿಮೆಯೇ ಬರುತ್ತದೆ. ಕೊಂಡವರಿಗೆ ತಪ್ಪು ಧೈರ್ಯ ಕೊಡುವುದು ಈ ಬಿಲ್ಲೇ. ಮಾಲೀಕರು ಬದಲಾದ ಮೇಲೆ ಹಳೆಯ ಮೌಲ್ಯಮಾಪನ ಹೊಸಬರಿಗೆ ತಾನಾಗಿ ವರ್ಗವಾಗುವುದಿಲ್ಲ. ಮುಂದಿನ ವರ್ಷಕ್ಕೆ ನಿಮ್ಮ ಹೆಸರಿನಲ್ಲಿ ಹೊಸ ಅರ್ಜಿ ಬೇಕು. ನಿಮ್ಮದೇ ಎಲ್‌ಎಲ್‌ಸಿಗೋ ಕುಟುಂಬದ ಟ್ರಸ್ಟಿಗೋ ಬರೆದುಕೊಟ್ಟಾಗಲೂ ಸಿಎಡಿಗೆ ತಿಳಿಸಿ, ಹೊಸ ಅರ್ಜಿ ಬೇಕೇ ಎಂದು ಕೇಳಿ.

## ಹಂತ 4: ಗುರಿಯ ಪ್ರಾಣಿಯನ್ನು ಆರಿಸಿ

ಕಾನೂನು ಹೇಳುವುದು ಟೆಕ್ಸಸ್‌ನ ಸ್ಥಳೀಯ ಪ್ರಾಣಿಗಳ ಬಗ್ಗೆ: ಅಲ್ಲಿ ಮರಿ ಮಾಡುವ, ವಲಸೆಯಲ್ಲಿ ತಂಗುವ ಅಥವಾ ಚಳಿಗಾಲ ಕಳೆಯುವ ಸಂತತಿಯನ್ನು ಉಳಿಸಿ ಬೆಳೆಸುವುದು. ಟೆಕ್ಸಸ್ ರ್‍ಯಾಂಚುಗಳಲ್ಲಿ ಆ್ಯಕ್ಸಿಸ್ ಡಿಯರ್ ಎಂದು ಕಾಣುವ ಜಿಂಕೆ ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೇ. ಕನ್ನಡಿಗರಿಗೆ ಅದರ ಮೇಲೆ ಅಕ್ಕರೆ ಸಹಜ, ಆದರೆ ಅಲ್ಲಿ ಅದು ಪರದೇಶಿ ಪ್ರಾಣಿ, ಯೋಜನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇಪ್ಪತ್ತು ಎಕರೆಯಲ್ಲಿ ಬಿಳಿಬಾಲದ ಜಿಂಕೆಯನ್ನು ಗುರಿಯಾಗಿಟ್ಟು ಬರೆಯುವವರು ಬಹಳ. ಜಿಂಕೆ ಓಡಾಡುವ ಪ್ರದೇಶ ಅದಕ್ಕಿಂತ ಎಷ್ಟೋ ದೊಡ್ಡದು, ಆದ್ದರಿಂದ ನಿಮ್ಮ ಕೆಲಸದ ಫಲ ತೋರಿಸುವುದು ಕಷ್ಟ. ಚಿಕ್ಕ ಜಮೀನಿಗೆ ಹಾಡುಹಕ್ಕಿಗಳು ಸರಿಯಾದ ಆಯ್ಕೆ: ಈಸ್ಟರ್ನ್ ಬ್ಲೂಬರ್ಡ್, ಪೇಂಟೆಡ್ ಬಂಟಿಂಗ್, ಬ್ಯೂಯಿಕ್ಸ್ ರೆನ್, ಕ್ಯಾರೊಲೈನಾ ಚಿಕಡೀ. ಕೆರೆ ಹೊಂಡವಿದ್ದರೆ ಕಪ್ಪೆ, ನೀರಹಕ್ಕಿ. ಎರಡು ಮೂರು ಜಾತಿಗಳನ್ನು ಹೆಸರಿಸಿ, ಅವುಗಳಿಗೆ ಏನು ಕೊರತೆ ಇದೆ ಎಂದು ನೆಲ ನೋಡಿ ಬರೆದುಕೊಳ್ಳಿ. ಮುಂದಿನ ಹಂತದ ಪ್ರತಿಯೊಂದು ಕೆಲಸವೂ ಆ ಕೊರತೆಗೆ ಉತ್ತರವಾಗಿರಬೇಕು. ಬ್ಲೂಬರ್ಡ್ ಗುರಿ ಎಂದು ಬರೆದು ಜೋಳ ಚೆಲ್ಲುವ ಜಿಂಕೆ ಫೀಡರ್ ನಿಲ್ಲಿಸಿದರೆ ಪರಿಶೀಲನೆಗೆ ಬಂದವರಿಗೆ ಅದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

## ಹಂತ 5: ಏಳು ಕೆಲಸಗಳಲ್ಲಿ ಕನಿಷ್ಠ ಮೂರು

ಕಾನೂನಿನ ಏಳು ವಿಭಾಗಗಳು: ಆವಾಸ ನಿರ್ವಹಣೆ, ಮಣ್ಣಿನ ಸವಕಳಿ ತಡೆ, ಬೇಟೆಯಾಡಿ ತಿನ್ನುವ ಪ್ರಾಣಿ ಮತ್ತು ಪಿಡುಗುಗಳ ನಿಯಂತ್ರಣ, ಹೆಚ್ಚುವರಿ ನೀರು, ಹೆಚ್ಚುವರಿ ಆಹಾರ, ಆಸರೆ, ಎಣಿಕೆ. ಪ್ರತಿ ವರ್ಷ ಇವುಗಳಲ್ಲಿ ಮೂರನ್ನಾದರೂ ಮಾಡಬೇಕು. ಯೋಜನೆಯಲ್ಲಿ ನಾಲ್ಕು ಅಥವಾ ಐದನ್ನು ಇಡಿ. ಬರಗಾಲ ಬಂದೋ ಕಾಯಿಲೆ ಬಿದ್ದೋ ಒಂದು ತಪ್ಪಿದರೂ ಮೂರು ಉಳಿಯುತ್ತವೆ.

ಆಸರೆ: ಗೂಡುಪೆಟ್ಟಿಗೆ. ಎಲ್ಲರೂ ಮಾಡುವುದು ಇದನ್ನೇ, ಹೆಚ್ಚು ಕೆಡಿಸುವುದೂ ಇದನ್ನೇ. ಬ್ಲೂಬರ್ಡಿಗೆ ಬಾಗಿಲ ತೂತು 1½ ಇಂಚು, ರೆನ್‌ಗೆ 1¼ ಇಂಚು, ಚಿಕಡೀಗೆ 1⅛ ಇಂಚು. ಅಂಗಡಿಯಲ್ಲಿ ಬಣ್ಣ ಬಳಿದು ಮುಂದೆ ಕೂರುವ ಕಡ್ಡಿ ಸಿಕ್ಕಿಸಿದ ಪೆಟ್ಟಿಗೆ ಬೇಡ, ಆ ಕಡ್ಡಿಯಿಂದ ಅನುಕೂಲ ಮರಿಗಳನ್ನು ಕದಿಯುವ ಹಕ್ಕಿಗಳಿಗೆ. ಬಣ್ಣವಿಲ್ಲದ ಮುಕ್ಕಾಲಿಂಚು ದಪ್ಪದ ಹಲಗೆ, ತಳದಲ್ಲಿ ನೀರಿಳಿಯುವ ತೂತು, ಮೇಲೆ ಗಾಳಿಯಾಡುವ ಸಂದು, ತೆರೆದು ತೊಳೆಯಲು ಬರುವ ಒಂದು ಬದಿ ಇರಲಿ. ಮರಕ್ಕಾಗಲಿ ಬೇಲಿ ಗೂಟಕ್ಕಾಗಲಿ ಹೊಡೆಯಬೇಡಿ, ಹಾವು ರಕೂನ್ ನೇರ ಹತ್ತುತ್ತವೆ. ಲೋಹದ ಕಂಬಕ್ಕೆ ಸುಮಾರು 5 ಅಡಿ ಎತ್ತರದಲ್ಲಿ ಕೂರಿಸಿ, ಕೆಳಗೆ ಹತ್ತುವುದನ್ನು ತಡೆಯುವ ತಗಡಿನ ಕೊಳವೆ (ಬ್ಯಾಫಲ್) ಹಾಕಿ. ಬ್ಲೂಬರ್ಡ್ ತನ್ನ ಜಾಗ ಕಾಯುವ ಹಕ್ಕಿ, ಪೆಟ್ಟಿಗೆಗಳ ನಡುವೆ 100 ಗಜ ಬಿಡಿ. ಫೆಬ್ರವರಿಗೆ ಮುಂಚೆ ಹಳೆಯ ಗೂಡು ತೆಗೆದು ಶುಚಿ ಮಾಡಿ. ಗೂಡು ಕಟ್ಟುವ ಕಾಲದಲ್ಲಿ ವಾರಕ್ಕೊಮ್ಮೆ ತೆರೆದು ಮೊಟ್ಟೆ ಮರಿಗಳ ಸಂಖ್ಯೆ ಬರೆದಿಡಿ. ಆ ಟಿಪ್ಪಣಿ ಇಲ್ಲದಿದ್ದರೆ ಪೆಟ್ಟಿಗೆ ಬರೀ ಮರದ ಡಬ್ಬಿ. ಪೆಟ್ಟಿಗೆಗೆ ನುಗ್ಗುವ ಹೌಸ್ ಸ್ಪ್ಯಾರೋದ ಗೂಡನ್ನು ಕಿತ್ತುಹಾಕಬಹುದು. ಸ್ಥಳೀಯ ಹಕ್ಕಿಯ ಮೊಟ್ಟೆ ಗೂಡನ್ನು ಕದಲಿಸುವುದು ಫೆಡರಲ್ ಅಪರಾಧ.

ನೀರು. ಹಕ್ಕಿಗೆ ಬೇಕಾದದ್ದು ಒಂದೆರಡು ಇಂಚು ಆಳದ, ಅಂಚು ಇಳಿಜಾರಾದ ನೀರು. ದನದ ತೊಟ್ಟಿಯನ್ನೇ ಇಡುವುದಾದರೆ ಒಳಗಿಂದ ಅಂಚಿನವರೆಗೆ ಕಲ್ಲು ಅಥವಾ ಜಾಲರಿಯ ಇಳಿಜಾರು ಮಾಡಿ. ಇಲ್ಲದಿದ್ದರೆ ಅಳಿಲು, ಮರಿಹಕ್ಕಿ ಬಿದ್ದು ಸಾಯುತ್ತವೆ. ವಿದ್ಯುತ್ತು ಕೊಳವೆಬಾವಿ ಇಲ್ಲದ ಕಡೆ ತಗಡಿನ ಮಾಡಿನಿಂದ ಮಳೆನೀರು ಹಿಡಿಯುವ ಗಜ್ಲರ್ ಕಟ್ಟಿ. 100 ಚದರ ಅಡಿಯ ತಗಡಿಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು 62 ಗ್ಯಾಲನ್ ನೀರು. ಆಗಸ್ಟಿನ ಬಿಸಿಲಿನಲ್ಲಿ ಬತ್ತಿದ ತೊಟ್ಟಿಯ ಚಿತ್ರ ಸಿಎಡಿ ಕಡತಕ್ಕೆ ಸೇರಿದರೆ ಆ ವರ್ಷದ ನೀರಿನ ಕೆಲಸ ನಿಮ್ಮ ಲೆಕ್ಕದಿಂದ ಹೋದಂತೆ.

ಆವಾಸ. ಆಸ್ಟಿನ್‌ನ ಪಶ್ಚಿಮಕ್ಕೆ ‘ಸೀಡರ್’ ಎನ್ನುವ ಆ್ಯಶ್ ಜುನಿಪರ್ ದಟ್ಟವಾಗಿ ಹಬ್ಬಿ ಹುಲ್ಲನ್ನು ತಿಂದುಹಾಕುತ್ತದೆ. ಎಳೆಯ ಗಿಡಗಳನ್ನು ಸ್ವಲ್ಪ ಸ್ವಲ್ಪ ಭಾಗದಲ್ಲಿ ತೆಗೆಯುವುದು ಒಳ್ಳೆಯ ಕೆಲಸ. ಒಂದೇ ಸಲ ಬುಲ್ಡೋಜರ್ ಹಾಯಿಸುವುದು ದೊಡ್ಡ ತಪ್ಪು. ಅಳಿವಿನಂಚಿನ ಪಟ್ಟಿಯಲ್ಲಿರುವ ಗೋಲ್ಡನ್-ಚೀಕ್ಡ್ ವಾರ್ಬ್ಲರ್ ಮರಿ ಮಾಡುವುದು ಟೆಕ್ಸಸ್‌ನಲ್ಲಿ ಮಾತ್ರ, ಗೂಡಿಗೆ ಅದು ಬಳಸುವುದು ಹಳೆಯ ಜುನಿಪರಿನ ಸುಲಿದ ತೊಗಟೆಯನ್ನು. ಓಕ್ ಜತೆ ಬೆಳೆದ ಹಳೆಯ ಜುನಿಪರ್ ಇರುವ ಕಡೆ ಇಲಾಖೆಯ ಜೀವಶಾಸ್ತ್ರಜ್ಞರನ್ನು ಕೇಳದೆ ಕೊಡಲಿ ಎತ್ತಬೇಡಿ. ಓಕ್ ಮರಗಳನ್ನು ಫೆಬ್ರವರಿಯಿಂದ ಜೂನ್ ಕೊನೆವರೆಗೆ ಕತ್ತರಿಸಲೇಬೇಡಿ, ಬೇರೆ ಕಾಲದಲ್ಲಿ ಕತ್ತರಿಸಿದರೂ ಗಾಯಕ್ಕೆ ತಕ್ಷಣ ಬಣ್ಣ ಬಳಿಯಿರಿ. ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗ ಹಸಿ ಗಾಯಕ್ಕೆ ಬರುವ ಜೀರುಂಡೆಗಳಿಂದ ಹರಡಿ, ಬೇರಿನಿಂದ ಬೇರಿಗೆ ದಾಟಿ, ಇಡೀ ತೋಪನ್ನೇ ಒಣಗಿಸುತ್ತದೆ.

ಡಾಲಸ್ ಕಡೆಯ ಬಯಲಿಗೆ ಸ್ಥಳೀಯ ಹುಲ್ಲಿನ ಬಿತ್ತನೆ ಸರಿ: ಲಿಟಲ್ ಬ್ಲೂಸ್ಟೆಮ್, ಸೈಡ್‌ಓಟ್ಸ್ ಗ್ರಾಮಾ, ಇಂಡಿಯನ್ ಗ್ರಾಸ್. ಬರ್ಮುಡಾ ಹುಲ್ಲಿನ ಮೇಲೆ ಬೀಜ ಚೆಲ್ಲಿದರೆ ಏನೂ ಏಳುವುದಿಲ್ಲ. ಮೊದಲು ಬರ್ಮುಡಾ ಸಾಯಬೇಕು, ಬೀಜ ಮಣ್ಣಿಗೆ ತಾಗಬೇಕು, ಕಾಲಿಂಚಿಗಿಂತ ಆಳ ಹೋಗಬಾರದು. ಮೊದಲ ವರ್ಷ ಹೊಲ ಕಳೆಯ ಹಾಗೆ ಕಾಣುತ್ತದೆ, ಬೇರು ಇಳಿಯುತ್ತಿರುತ್ತದೆ. ಗಾಬರಿಯಿಂದ ಉತ್ತುಬಿಡಬೇಡಿ.

ಬೆಂಕಿ ಇರುವೆ. ನೆಲದ ಗೂಡಿನ ಮರಿಗಳನ್ನೂ ಅವು ತಿನ್ನುವ ಹುಳುಗಳನ್ನೂ ಆಮದು ಕೆಂಪಿರುವೆ ಮುಗಿಸುತ್ತದೆ, ಆದ್ದರಿಂದ ಇದರ ನಿಯಂತ್ರಣವನ್ನೂ ಇಲಾಖೆ ಒಪ್ಪುತ್ತದೆ. ಹುಲ್ಲುಗಾವಲಿಗೆ ಅನುಮತಿ ಇದೆ ಎಂದು ಲೇಬಲ್ಲಿನಲ್ಲಿ ಬರೆದ ಬೈಟ್ (ಇರುವೆ ಕೊಲ್ಲುವ ತಿನಿಸು) ಆರಿಸಿ. ಪ್ರಮಾಣ ಎಕರೆಗೆ 1ರಿಂದ 1½ ಪೌಂಡ್. ಹಾಕುವ ಮುಂಚೆ ನೆಲದ ಮೇಲೆ ಆಲೂಗಡ್ಡೆ ಚಿಪ್ಸ್ ಇಡಿ, ಅರ್ಧ ಗಂಟೆಯಲ್ಲಿ ಇರುವೆ ಮುತ್ತದಿದ್ದರೆ ಆ ದಿನ ಹಾಕಬೇಡಿ. ಮಧ್ಯಾಹ್ನದ ಉರಿಬಿಸಿಲು, ಒದ್ದೆ ನೆಲ, ಮಳೆಯ ಮುನ್ಸೂಚನೆ ಮೂರರಲ್ಲೂ ಬೈಟ್ ವ್ಯರ್ಥ. ಚೀಲ ಮತ್ತು ರಸೀದಿಯ ಚಿತ್ರ ಇಟ್ಟುಕೊಳ್ಳಿ. ಹಾಡುಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುವ ಕೌಬರ್ಡನ್ನು ಬೋನಿಟ್ಟು ಹಿಡಿಯುವುದೂ ಇದೇ ವಿಭಾಗಕ್ಕೆ ಸೇರುತ್ತದೆ, ಆದರೆ ಅದಕ್ಕೆ ಇಲಾಖೆಯ ತರಬೇತಿ ಪ್ರಮಾಣಪತ್ರ ಬೇಕು.

ಎಣಿಕೆ. ಅತ್ಯಂತ ಅಗ್ಗದ ಕೆಲಸ ಇದು. ಜಮೀನಿನಲ್ಲಿ ಕೆಲವು ಬಿಂದುಗಳನ್ನು ಗೂಟ ಹೊಡೆದು ಗುರುತಿಸಿ. ಸೂರ್ಯೋದಯದ ನಂತರದ ಮೊದಲ ಮೂರು ಗಂಟೆಯೊಳಗೆ ಪ್ರತಿ ಬಿಂದುವಿನಲ್ಲಿ 10 ನಿಮಿಷ ನಿಂತು, ಕಂಡ ಕೇಳಿದ ಹಕ್ಕಿಗಳನ್ನು ಬರೆಯಿರಿ. ಪ್ರತಿ ವರ್ಷ ಅದೇ ಬಿಂದು, ಅದೇ ವಿಧಾನ, ಸುಮಾರು ಅದೇ ವಾರ. ಹಕ್ಕಿ ಎಣಿಕೆ ದಾಖಲಿಸುವ ಇಬರ್ಡ್ ಆ್ಯಪಿಗೆ ಹಾಕಿದರೆ ದಿನಾಂಕ, ಸಮಯ, ಸ್ಥಳ ತಾನಾಗಿ ದಾಖಲಾಗುತ್ತವೆ. ರಾತ್ರಿ ಸ್ಪಾಟ್‌ಲೈಟಿನಲ್ಲಿ ಜಿಂಕೆ ಎಣಿಸುವುದಾದರೆ ಗೇಮ್ ವಾರ್ಡನ್‌ಗೆ (ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿಗೆ) ಮುಂಚೆ ತಿಳಿಸಿ, ಇಲ್ಲದಿದ್ದರೆ ಕಳ್ಳಬೇಟೆಯ ಅನುಮಾನಕ್ಕೆ ಸಿಲುಕುತ್ತೀರಿ.

ಸವಕಳಿ ತಡೆಗೆ ಕಡಿದ ಜುನಿಪರ್ ರೆಂಬೆಗಳನ್ನೇ ಇಳಿಜಾರಿಗೆ ಅಡ್ಡಲಾಗಿ ಒಡ್ಡಿನಂತೆ ಹಾಸಿದರೆ ಸಾಕಾಗುವ ಕಡೆಗಳಿವೆ. ಆಹಾರಕ್ಕೆ ಫೀಡರ್ ಇಡಬಹುದು, ಆದರೆ ನೀವು ವಾರವಾರ ಹೋಗಲಾಗದಿದ್ದರೆ ಈ ವಿಭಾಗವನ್ನು ಆರಿಸಲೇಬೇಡಿ. ಖಾಲಿ ಫೀಡರ್ ಇದ್ದೂ ಇಲ್ಲದ ಹಾಗೆ, ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ.

## ಹಂತ 6: ಯೋಜನೆ ಬರೆದು ಅರ್ಜಿ ಹಾಕಿ

ಯೋಜನೆಯನ್ನು ಮಾಲೀಕರೇ ಬರೆಯಬಹುದು, ಕನ್ಸಲ್ಟೆಂಟ್ ಕಡ್ಡಾಯವಲ್ಲ. ಇಲಾಖೆಯ ಜಿಲ್ಲಾ ಜೀವಶಾಸ್ತ್ರಜ್ಞರು ಜಮೀನಿನ ಬಗ್ಗೆ ಉಚಿತವಾಗಿ ಸಲಹೆ ಕೊಡುತ್ತಾರೆ. ವಸಂತದಲ್ಲಿ ಅವರಿಗೆ ಬಿಡುವಿರುವುದಿಲ್ಲ, ಹಿಂದಿನ ಅಕ್ಟೋಬರಿನಲ್ಲೇ ಕೇಳಿಕೊಳ್ಳಿ.

ನಮೂನೆ 885ರಲ್ಲಿ ಚೌಕಗಳಿಗೆ ಟಿಕ್ ಹಾಕಿ ಸುಮ್ಮನಾದ ಯೋಜನೆ ದುರ್ಬಲ. ಪ್ರತಿ ಕೆಲಸದ ಎದುರು ಎಲ್ಲಿ, ಎಷ್ಟು, ಯಾವ ತಿಂಗಳು, ಯಾವ ಜಾತಿಗಾಗಿ ಎಂದು ಬರೆಯಿರಿ. ‘ಗೂಡುಪೆಟ್ಟಿಗೆ ಇಡುತ್ತೇವೆ’ ಎನ್ನುವುದಕ್ಕೂ ‘ಪೂರ್ವದ ಬಯಲಿನಂಚಿನಲ್ಲಿ ಬ್ಲೂಬರ್ಡಿಗೆ 6 ಪೆಟ್ಟಿಗೆ, ಜನವರಿಯಲ್ಲಿ ಸ್ಥಾಪನೆ, ಮಾರ್ಚಿನಿಂದ ಜುಲೈವರೆಗೆ ವಾರಕ್ಕೊಮ್ಮೆ ತಪಾಸಣೆ’ ಎನ್ನುವುದಕ್ಕೂ ಬಹಳ ದೂರ. ಸಂಖ್ಯೆ ಹಾಕಿದ ನಕ್ಷೆಯೊಂದನ್ನು ಲಗತ್ತಿಸಿ. ಮನೆ, ಅಂಗಳ, ಈಜುಕೊಳದ ಜಾಗವನ್ನು ಬಿಟ್ಟು ಉಳಿದ ಎಕರೆಯನ್ನೇ ತೋರಿಸಿ.

50-129 ಅರ್ಜಿಯನ್ನು ಯೋಜನೆಯ ಜತೆಗೆ ಜನವರಿ 1ರ ನಂತರ, ಏಪ್ರಿಲ್ 30ರ ಒಳಗೆ ಸಿಎಡಿಗೆ ಕೊಡಿ. ಫೆಡರಲ್ ಆದಾಯ ತೆರಿಗೆಯ ಏಪ್ರಿಲ್ 15ರ ಗಡಿಬಿಡಿ ಮುಗಿಯಲಿ ಎಂದು ಕಾಯುವವರಿಗೆ ಈ ದಿನ ಕೈತಪ್ಪುತ್ತದೆ, ಫೆಬ್ರವರಿಯಲ್ಲೇ ಮುಗಿಸಿ. ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್, ಕೈಯಲ್ಲಾದರೆ ಮೊಹರು ಹಾಕಿದ ಪ್ರತಿ, ಆನ್‌ಲೈನಾದರೆ ಸ್ವೀಕೃತಿಯ ಚಿತ್ರ.

ಏಪ್ರಿಲ್ 30 ದಾಟಿತೇ? ತಕ್ಕ ಕಾರಣವಿದ್ದರೆ ಗಡುವಿಗೆ ಮುಂಚೆ ಲಿಖಿತವಾಗಿ ಕೇಳಿ 60 ದಿನಗಳವರೆಗೆ ವಿಸ್ತರಣೆ ಪಡೆಯಬಹುದಿತ್ತು. ಅದೂ ತಪ್ಪಿದ್ದರೆ, ಅಪ್ರೈಸಲ್ ರಿವ್ಯೂ ಬೋರ್ಡ್ (ಮೌಲ್ಯಮಾಪನದ ತಕರಾರು ಕೇಳುವ ಮಂಡಳಿ) ಆ ವರ್ಷದ ಪಟ್ಟಿಗೆ ಒಪ್ಪಿಗೆ ಕೊಡುವವರೆಗೆ ತಡವಾದ ಅರ್ಜಿ ಹಾಕಲು ಅವಕಾಶವಿದೆ. ಸಾಮಾನ್ಯವಾಗಿ ಅದು ಜುಲೈನಲ್ಲಿ. ದಂಡ ಉಳಿತಾಯದ ಶೇ 10, ಮೇಲಿನ ಉದಾಹರಣೆಯಲ್ಲಿ ಸುಮಾರು 715 ಡಾಲರ್. ಕಟ್ಟಿಬಿಡಿ. ಒಂದು ವರ್ಷ ಮೌಲ್ಯಮಾಪನ ಕೈಬಿಟ್ಟರೆ ವನ್ಯಜೀವಿಗೆ ಬದಲಿಸುವ ಅರ್ಹತೆಯೂ ಹೋಗುತ್ತದೆ, ಮತ್ತೆ ದನವನ್ನೋ ಹುಲ್ಲಿನ ಕೊಯ್ಲನ್ನೋ ತಂದು ಕೃಷಿಯಿಂದ ಶುರು ಮಾಡಬೇಕಾಗುತ್ತದೆ.

## ಹಂತ 7: ವರ್ಷವಿಡೀ ದಾಖಲೆ

ಊರಿನಲ್ಲಿ ಪಹಣಿಯ ಬೆಳೆ ಕಾಲಂ ತುಂಬಿಸುವ ಹೊಣೆ ಕಂದಾಯ ಇಲಾಖೆಯದು. ಇಲ್ಲಿ ಜಮೀನಿನಲ್ಲಿ ಏನು ನಡೆಯಿತು ಎಂದು ತೋರಿಸುವ ಪೂರ್ತಿ ಹೊಣೆ ಮಾಲೀಕರದು.

ಪ್ರತಿ ಭೇಟಿಗೆ ಒಂದು ಸಾಲು ಬರೆಯಿರಿ: ದಿನ, ಮಾಡಿದ ಕೆಲಸ, ಜಾಗದ ಸಂಖ್ಯೆ, ಕಂಡದ್ದು. ಪ್ರತಿ ಕೆಲಸಕ್ಕೂ ಮುಂಚಿನ ಒಂದು ಚಿತ್ರ, ನಂತರದ ಒಂದು ಚಿತ್ರ. ರಸೀದಿಗಳನ್ನು ವಿಭಾಗವಾರು ಇಡಿ. ಸಿಎಡಿ ನಮೂನೆ 888ರಲ್ಲಿ ವಾರ್ಷಿಕ ವರದಿ ಕೇಳಬಹುದು. ಕೇಳದಿದ್ದರೂ ಪ್ರತಿ ಜನವರಿಯಲ್ಲಿ ಹಿಂದಿನ ವರ್ಷದ್ದನ್ನು ತುಂಬಿ ಸಲ್ಲಿಸಿ. ಡಿಸೆಂಬರ್ ಕೊನೆಯ ವಾರ ಒಂದೇ ದಿನ ತೆಗೆದ ನಲವತ್ತು ಚಿತ್ರಗಳು ಇಡೀ ವರ್ಷದ ಕೆಲಸಕ್ಕೆ ಸಾಕ್ಷಿಯಾಗುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳು ಹೀಗಿರುತ್ತವೆ: ಸಿಎಡಿಯಿಂದ ಹೊಸ ಅರ್ಜಿ ಕೇಳಿ ಪತ್ರ ಬರುವುದು, ಏಪ್ರಿಲ್, ಮೇ ಹೊತ್ತಿನ ಮೌಲ್ಯದ ನೋಟಿಸಿನಲ್ಲಿ ಕೃಷಿ ಮೌಲ್ಯದ ಜಾಗ ಖಾಲಿ ಇರುವುದು, ಎಕರೆ ಸಂಖ್ಯೆ ಕ್ರಯಪತ್ರಕ್ಕಿಂತ ಕಡಿಮೆ ಇರುವುದು, ಪತ್ರಗಳೇ ಬರದಿರುವುದು. ಕೊನೆಯದಕ್ಕೆ ಕಾರಣ ಹೆಚ್ಚಾಗಿ ಹಳೆಯ ವಿಳಾಸ. ಮನೆ ಬದಲಿಸಿದ ದಿನವೇ ಸಿಎಡಿಗೆ ತಿಳಿಸಿ.

## ಹಂತ 8: ಅರ್ಜಿ ತಿರಸ್ಕಾರವಾದರೆ

ನೋಟಿಸ್ ತಲುಪಿದ 30 ದಿನಗಳ ಒಳಗೆ ನಮೂನೆ 50-132ರಲ್ಲಿ ರಿವ್ಯೂ ಬೋರ್ಡಿಗೆ ಆಕ್ಷೇಪಣೆ ಸಲ್ಲಿಸಿ. ಅಧಿಕಾರಿಯ ಜತೆ ಇಮೇಲ್ ಮಾತುಕತೆ ನಡೆದಿದೆ ಎಂದು ಈ ಗಡುವನ್ನು ಬಿಡಬೇಡಿ, ಮಾತುಕತೆಗೆ ಗಡುವು ನಿಲ್ಲುವುದಿಲ್ಲ. ವಿಚಾರಣೆಗೆ ಮುಂಚೆ ಸಿಎಡಿ ಮಂಡಿಸಲಿರುವ ಸಾಕ್ಷ್ಯವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅವರು ತೆಗೆದ ಚಿತ್ರದ ದಿನಾಂಕ ನೋಡಿ, ಅದೇ ವಾರದ ನಿಮ್ಮ ಟಿಪ್ಪಣಿ ತೋರಿಸಿ. ಮಂಡಳಿಯ ಮುಂದೆ ಹಕ್ಕಿಪ್ರೇಮದ ಮಾತಿಗಿಂತ ಪ್ರದೇಶದ ಕೈಪಿಡಿಯ ಪುಟವನ್ನೂ ನಿಮ್ಮ ಕೆಲಸದ ಪ್ರಮಾಣವನ್ನೂ ಅಕ್ಕಪಕ್ಕ ಇಡುವುದು ಕೆಲಸ ಮಾಡುತ್ತದೆ. ಊರಿಗೆ ಹೋಗಿದ್ದರೆ ಮುಂಚೆ ತಿಳಿಸಿ ಫೋನಿನಲ್ಲಿ ಅಥವಾ ಪ್ರಮಾಣಪತ್ರದ ಮೂಲಕ ವಾದ ಮಂಡಿಸಬಹುದು. ಬೋರ್ಡ್ ಆದೇಶದ ವಿರುದ್ಧ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗಲು 60 ದಿನ. ಆ ನಡುವೆ ತಕರಾರಿಲ್ಲದ ಭಾಗದ ತೆರಿಗೆಯನ್ನು ಜನವರಿ 31ರ ಒಳಗೆ ಕಟ್ಟಿಯೇ ಇರಬೇಕು.

## ಮನೆ ಕಟ್ಟುವ ಮುಂಚೆ ರೋಲ್‌ಬ್ಯಾಕ್ ಲೆಕ್ಕ

ಜಮೀನಿನ ಬಳಕೆ ಕೃಷಿಯಿಂದ ಬೇರೆಯದಕ್ಕೆ ಬದಲಾದರೆ, ಬದಲಾದ ಭಾಗಕ್ಕೆ ಹಿಂದಿನ 3 ವರ್ಷ ಉಳಿಸಿದ ತೆರಿಗೆಯನ್ನು ವಾಪಸು ಕಟ್ಟಬೇಕು, ಇದೇ ರೋಲ್‌ಬ್ಯಾಕ್. ಹಿಂದೆ ಇದು 5 ವರ್ಷ ಮತ್ತು ಬಡ್ಡಿ ಇತ್ತು. 2019ರಲ್ಲಿ ವರ್ಷಗಳನ್ನು ಇಳಿಸಿದರು, 2021ರಲ್ಲಿ ಬಡ್ಡಿ ತೆಗೆದರು. ನಮ್ಮ ಉದಾಹರಣೆಯ ಇಡೀ 20 ಎಕರೆಗೆ ಸುಮಾರು 21,400 ಡಾಲರ್, ಒಂದು ಎಕರೆಗಾದರೆ ಸುಮಾರು 1,070.

ಕೃಷಿಯಿಂದ ವನ್ಯಜೀವಿಗೆ ಬದಲಿಸುವುದು ಬಳಕೆಯ ಬದಲಾವಣೆಯಲ್ಲ, ಅದಕ್ಕೆ ರೋಲ್‌ಬ್ಯಾಕ್ ಇಲ್ಲ. ಕೆಲಸ ಸಾಲದೆ ಮೌಲ್ಯಮಾಪನ ರದ್ದಾದರೆ ಆ ವರ್ಷದಿಂದ ಪೂರ್ತಿ ತೆರಿಗೆ ಬೀಳುತ್ತದೆ, ಬಳಕೆ ಬದಲಾಗದ ತನಕ ಹಿಂದಿನ ವರ್ಷಗಳದ್ದನ್ನು ಕೇಳುವಂತಿಲ್ಲ. ಆದರೆ ಮನೆ, ವಾಹನದ ಅಂಗಳ, ಮದುವೆ ಮಂಟಪ, ಬಾಡಿಗೆ ಗೋದಾಮು ಕಟ್ಟಿದ ಜಾಗ ಮಾರುಕಟ್ಟೆ ಬೆಲೆಗೆ ಹೋಗುತ್ತದೆ. ಮನೆಯ ಜಾಗವನ್ನು ಸರ್ವೆ ಮಾಡಿಸಿ ಚಿಕ್ಕದಾಗಿ ಗುರುತಿಸಿ, ಆ ನಕ್ಷೆಯನ್ನು ಕಾಮಗಾರಿಗೆ ಮುಂಚೆಯೇ ಸಿಎಡಿಗೆ ಕೊಡಿ. ಗುರುತಿಸದಿದ್ದರೆ ಎಷ್ಟು ಜಾಗ ಮನೆಗೆ ಸೇರಿತು ಎಂದು ವೈಮಾನಿಕ ಚಿತ್ರ ನೋಡಿ ಅವರೇ ತೀರ್ಮಾನಿಸುತ್ತಾರೆ. ಮಾರುವಾಗಲೂ ಕೊಳ್ಳುವಾಗಲೂ ರೋಲ್‌ಬ್ಯಾಕ್ ಬಂದರೆ ಯಾರು ಕಟ್ಟಬೇಕು ಎಂಬ ಷರತ್ತು ಕ್ರಯದ ಕರಾರಿನಲ್ಲಿ ಇರಲಿ.